ಖಾಲಿ ಹೋಗಬಾರದ ಮಣೆ

ಸೊಲ್ಲಾಪುರದ ಕೆರೆ ಎಷ್ಟು ಆಳ ಎಂದು ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೋಟೆಯ ಗೋಡೆಗೆ ಒರಗಿ ಶೇಂಗಾ ತಿನ್ನುವವರು ಎರಡಾಳು ಎನ್ನುತ್ತಾರೆ. ದೋಣಿಯಲ್ಲಿ ಒಂದು ಸುತ್ತು ಹಾಕಿ ಬಂದವರು ನಾಲ್ಕಾಳಿಗೆ ಕಡಿಮೆ ಇಲ್ಲ ಎಂದು ಆಣೆ ಇಡುತ್ತಾರೆ. ದುರ್ಗಪ್ಪನನ್ನು ಕೇಳಿದರೆ ಮಾತ್ರ ಅವನೇ ತಿರುಗಿ ಕೇಳುತ್ತಾನೆ: "ಯಾವ ಹಬ್ಬಕ್ಕ?"

ಅವನ ಅಳತೆಯೇ ಹಾಗೆ. ಸಂಕ್ರಾಂತಿಗೆ ಸಿದ್ಧರಾಮನ ಜಾತ್ರೆ ಕೂಡಿ ಅಕ್ಷತೆ ಬೀಳುವ ಹೊತ್ತಿಗೆ ಘಾಟಿನ ಆರನೆಯ ಮೆಟ್ಟಿಲು ನೀರೊಳಗೆ ಇರುತ್ತದೆ. ಬಿಳಿ ಉಡುಪಿನವರು ಎತ್ತಿ ಹಿಡಿದ ನಂದಿಧ್ವಜಗಳು ನೀರಿನಲ್ಲಿ ತಲೆಕೆಳಗಾಗಿ ನಡೆಯುವುದನ್ನು ನೋಡಬೇಕಾದರೆ ಐದನೆಯ ಮೆಟ್ಟಿಲ ಮೇಲೆ ಕೂರಬೇಕು. ಅದು ದುರ್ಗಪ್ಪನ ಜಾಗ. ಹೋಳಿ ಹುಣ್ಣಿಮೆಗೆ ಆರನೆಯ ಮೆಟ್ಟಿಲು ಮೇಲೆ ಬರುತ್ತದೆ, ಯುಗಾದಿಗೆ ಒಂಬತ್ತನೆಯದು. ವೈಶಾಖದಲ್ಲಿ ಮೆಟ್ಟಿಲುಗಳೆಲ್ಲ ತೀರಿ ಕರಿ ಕೆಸರು ಕಾಣಿಸಿಕೊಂಡು ಬಿರಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಸುತ್ತಲಿನ ಓಣಿಗಳ ಎತ್ತುಗಳೆಲ್ಲ ಅದೇ ಕೆಸರಿನಲ್ಲಿ ಹುಟ್ಟುತ್ತವೆ. ನಾಗರಪಂಚಮಿಗೆ ನೀರು ಬಂದು ಕೆಸರು ಮುಚ್ಚುತ್ತದೆ, ಗಣಪತಿ ಕಳಿಸುವ ಹೊತ್ತಿಗೆ ಘಾಟಿನ ಕೆಳಗೆ ಸೊಂಟದ ಮಟ್ಟ. ಅವನ ಮನೆಯಲ್ಲೂ ಗೋಡೆಗೆ ಕ್ಯಾಲೆಂಡರ್ ಇದೆ, ಇಲ್ಲವೆಂದಲ್ಲ. ಅದು ಹೆಂಡತಿ ಮಲಕಮ್ಮನದು. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೆ ಆಕೆ ಅದರ ಮೇಲೆ ಗೆರೆ ಎಳೆಯುತ್ತಾಳೆ.

ದುರ್ಗಪ್ಪ ಅಕ್ಕಲಕೋಟೆ ತಾಲೂಕಿನ ವಾಗದರಿಯವನು. ನಡೆಯಲು ಕಲಿತದ್ದು ಮೊದಲೋ ಬಾವಿಯಲ್ಲಿ ಈಸಲು ಕಲಿತದ್ದು ಮೊದಲೋ, ಅವನ ತಾಯಿಗೇ ನೆನಪಿರಲಿಲ್ಲ. ಹದಿನೆಂಟು ತುಂಬಿದಾಗ ಸೊಲ್ಲಾಪುರಕ್ಕೆ ಬಂದು ನೂಲಿನ ಗಿರಣಿ ಸೇರಿದ, ಕೆರೆಗೆ ಹತ್ತಿರದ ಚಾಳಿನಲ್ಲಿ ಒಂದು ಕೋಣೆ ಹಿಡಿದ. ಗಿರಣಿಯ ಭೋಂಗಾ ಕೂಗಿದರೆ ಎದ್ದು ಓಡುವುದು, ಪಾಳಿ ಮುಗಿದರೆ ತಲೆ ತುಂಬ ಅರಳೆ ಹೊತ್ತುಕೊಂಡು ಬಂದು ಕೆರೆಗೆ ಬೀಳುವುದು. ಗಿರಣಿ ಎಂದೋ ನಿಂತುಹೋಯಿತು, ಆಮೇಲೆ ಟವೆಲ್ ಕಾರಖಾನೆಯ ಬಾಗಿಲು ಕಾದ, ಈಗ ಅದೂ ಬಿಟ್ಟು ಮನೆಯಲ್ಲಿದ್ದಾನೆ. ವಯಸ್ಸು ಎಪ್ಪತ್ತೆರಡು. ಆದರೆ ಘಾಟಿನ ಜನ ಅವನನ್ನು ಗಿರಣಿಯವನೆಂದಾಗಲಿ ವಾಚಮನ್ ಎಂದಾಗಲಿ ಕರೆದವರಲ್ಲ. ಅವರಿಗೆ ಅವನು "ಮಣ್ಣಿನ ದುರ್ಗಪ್ಪ". ಆ ಹೆಸರು ಬಂದ ಬಗೆ ಹೇಳುತ್ತೇನೆ, ಕೇಳಿ.

ಅವನು ಊರಿಗೆ ಬಂದ ಮರುವರ್ಷ. ಅನಂತ ಚತುರ್ದಶಿಯ ಸಂಜೆ. ಝಾಂಜು, ಹಲಗೆ, ಗುಲಾಲು. ಘಾಟಿನ ತುಂಬ ಮಂದಿ ಮಣೆಯ ಮೇಲೆ ಮನೆಯ ಗಣಪತಿ ಇಟ್ಟುಕೊಂಡು ನಿಂತಿದ್ದರು. ಒಬ್ಬ ಗಟ್ಟಿಮುಟ್ಟಾದ ಗಂಡಸು ಮಾತ್ರ ಕೊನೆಯ ಮೆಟ್ಟಿಲವರೆಗೆ ಹೋಗುವುದು, ನೀರು ನೋಡಿ ಹಿಂದೆ ಬರುವುದು, ಹೀಗೇ ಮಾಡುತ್ತಿದ್ದ. ಅವನು ಹುಲಜಂತಿ ಕಡೆಯ ಕುರುಬರ ಮನೆಯ ಹಣಮಂತಪ್ಪ, ಗಿರಣಿಗೆ ಹೊಸದಾಗಿ ಸೇರಿದವನು. ಕುರಿಯ ಹಿಂದೆ ಹಗಲೆಲ್ಲ ನಡೆದ ಕಾಲುಗಳಿಗೆ ನೀರಲ್ಲಿ ಒಂದು ಹೆಜ್ಜೆ ಇಡಲು ಆಗುತ್ತಿರಲಿಲ್ಲ. ಬಗಲಲ್ಲಿ ಮೊಳಕೈವರೆಗೆ ಹಸಿರು ಬಳೆ ತೊಟ್ಟ ಹೊಸ ಹೆಂಡತಿ ಸುಗಲಾಬಾಯಿ.

"ತಮ್ಮಾ, ಈಸ ಬರ್ತೈತೇನು ನಿನಗ?" ಎಂದು ಹಣಮಂತಪ್ಪ ದುರ್ಗಪ್ಪನನ್ನು ಕೇಳಿದ.

"ಬರ್ತೈತಿ."

"ಹಂಗಾರ ನಮ್ಮ ದೇವರನೂ ಒಂದೀಟ ಮುಟ್ಸಿ ಬಾರಪ್ಪಾ. ನಾ ಹೋದ್ರ ಇಬ್ಬರೂ ಅಲ್ಲೇ ಉಳೀತೀವಿ."

ದುರ್ಗಪ್ಪ ಗಣಪತಿಯನ್ನು ಮೂರು ಸಲ ಮುಳುಗಿಸಿ ಎತ್ತಿ, ನಾಲ್ಕನೆಯ ಸಲಕ್ಕೆ ಬಿಟ್ಟು, ಮಣೆ ತೊಳೆದು ತಂದು ಕೊಟ್ಟ. ಸುಗಲಾಬಾಯಿ ಕೈ ಚಾಚಲಿಲ್ಲ.

"ಇದೇನ ಯಣ್ಣಾ, ಮಣಿ ಬರೇ ತಂದಿ? ದೇವರ ಕುಂತ ಮಣಿ ಖಾಲಿ ಮನೀಗಿ ಒಯ್ತಾರೇನು? ತಳದಾಗಿನ ಮಣ್ಣ ಹಾಕಿ ಕೊಡು."

"ದಂಡ್ಯಾಗಿಂದು ಕೊಡ್ಲೇನು?"

"ದಂಡ್ಯಾಗ ಎಮ್ಮಿ ಮೈ ತೊಳೀತಾರ. ತಳದಾಗಿಂದ ಅಂದ್ರ ತಳದಾಗಿಂದs."

ಸರಿ, ಮುಳುಗಿದ. ಒಂದು ಮುಷ್ಟಿ ಕರಿ ಮಣ್ಣು ತಂದು ಮಣೆಯ ಮೇಲೆ ಇಟ್ಟ. ಇಟ್ಟದ್ದೇ ತಡ, ಮಣ್ಣು ಅಲುಗಾಡಿತು. ಅದರೊಳಗಿಂದ ಒಂದು ಬಸವನಹುಳು ಕೊಂಬು ತೆಗೆದು ಸುತ್ತಲೂ ನೋಡಿತು. ಸುಗಲಾಬಾಯಿ ಬಳೆ ಬಾಯಿಗೆ ಒತ್ತಿಕೊಂಡು ನಕ್ಕಳು. "ದೇವರು ಹೋದಲ್ಲೇ ನಂದಿ ಕಳಿಸಿಕೊಟ್ಟಾನ ನೋಡ್ರಿ!" ಎಂದು ಹಣಮಂತಪ್ಪ ಕೂಗಿದ. ಘಾಟೆಲ್ಲ ನಕ್ಕಿತು. ಹಿಂದೆ ನಿಂತವರು "ತಮ್ಮಾ, ನಮಗೊಂದ ಮುಷ್ಟಿ", "ನಮಗೂ" ಎಂದು ಮಣೆ ಚಾಚಿದರು. ಆ ಸಂಜೆ ದುರ್ಗಪ್ಪ ಎಷ್ಟು ಸಲ ಮುಳುಗಿದನೋ, ಮರುದಿನ ಗಿರಣಿಯಲ್ಲಿ ಅವನ ಕಿವಿಗೆ ಭೋಂಗಾ ಕೇಳಿಸಲಿಲ್ಲ.

ಅಂದು ಶುರುವಾದದ್ದು ಐವತ್ತು ವರ್ಷ ಮೀರಿ ನಡೆಯಿತು. ಕೂಲಿ ಇಲ್ಲ, ಇನಾಮು ಇಲ್ಲ. ಪ್ರತಿ ಮನೆಯವರೂ ಆರತಿಯ ಖಿರಾಪತಿನಲ್ಲಿ, ಅಂದರೆ ಒಣಕೊಬ್ಬರಿ-ಸಕ್ಕರೆಯ ಪ್ರಸಾದದಲ್ಲಿ, ಒಂದು ಚಿವುಟು ಅವನ ಬಾಯಿಗೇ ಹಾಕುತ್ತಿದ್ದರು, ಕೈ ಕೆಸರಲ್ಲವೇ. ಒಯ್ದ ಮಣ್ಣನ್ನು ಕೆಲವರು ತುಳಸಿಯ ಬುಡಕ್ಕೆ ಹಾಕಿದರು, ಕೆಲವರು ಹೊಸ್ತಿಲ ಮೂಲೆಯಲ್ಲಿಟ್ಟರು. ಸುಗಲಾಬಾಯಿ ಅರಿವೆಯಲ್ಲಿ ಕಟ್ಟಿ ಜೋಳದ ಡಬ್ಬಿಯ ತಳದಲ್ಲಿಟ್ಟಳು. ಗಿರಣಿ ನಿಂತ ವರ್ಷ ಚಾಳಿನ ಎಷ್ಟೋ ಮನೆಗಳಲ್ಲಿ ಒಲೆ ದಿನಕ್ಕೊಮ್ಮೆ ಹತ್ತಿತು. ಆಕೆ ಕಂಡವರ ಮನೆಯ ರೊಟ್ಟಿ ಬಡಿದು ಮೂರು ಮಕ್ಕಳನ್ನು ಸಾಕಿದಳು, ಹಣಮಂತಪ್ಪನನ್ನೂ ಕೊನೆಯವರೆಗೆ ನೋಡಿಕೊಂಡಳು. ಯಾರಾದರೂ ಅದನ್ನೆತ್ತಿ ಹೊಗಳಿದರೆ ಒಂದೇ ಮಾತು: "ನನ್ನ ಡಬ್ಬಿಗಿ ತಳ ಕಾಣೂದಿಲ್ರೀ. ಕೆರಿ ತಳಾನs ತಂದಿಟ್ಟೀವಿ, ಇನ್ನ ಅದಕ್ಕ ಬ್ಯಾರೆ ತಳ ಎಲ್ಲಿಂದು?"

ಇಷ್ಟು ವರ್ಷದಲ್ಲಿ ಕೆರೆಯ ತಳ ಬದಲಾದದ್ದು ಮೊದಲು ಗೊತ್ತಾದದ್ದು ದುರ್ಗಪ್ಪನ ಅಂಗಾಲಿಗೆ. ಮುಂಚೆ ಮೆತ್ತಗಿನ ಮಣ್ಣು; ಆಮೇಲಾಮೇಲೆ ಸೊಂಡಿಲು, ಕಿವಿ, ಕಿರೀಟದ ಚೂರು. ಪ್ಲಾಸ್ಟರಿನ ಗಣಪತಿಗಳು ಕರಗುತ್ತಿರಲಿಲ್ಲ, ಹೋದ ವರ್ಷದವು ಈ ವರ್ಷ ಕಾಲಿಗೆ ಚುಚ್ಚುತ್ತಿದ್ದವು. ಹೀಗಾಗಿ ಇನ್ನು ಕೆರೆಯಲ್ಲಿ ಬಿಡಬಾರದು, ದಂಡೆಯ ಮೇಲೆ ಕುಂಡ ಮಾಡುತ್ತೇವೆ, ಅದರಲ್ಲೇ ಬಿಡಿ ಎಂದು ಮಹಾನಗರಪಾಲಿಕೆಯ ಡಂಗುರವಾದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಅವನೇ. "ಕೆರಿ ನಮ್ಮ ತಾಯಿ ಇದ್ದಂಗ. ಎಷ್ಟಂತ ನುಂಗ್ಯಾಳು?" ಎಂದ.

ಎಂದದ್ದೇನೋ ನಿಜ. ಆದರೆ ಮಣೆಯ ಮಾತು ಅವನಿಗೆ ಹೊಳೆದಿರಲೇ ಇಲ್ಲ.

ಮೊದಲ ಸಲ ಕುಂಡ ಬಂದ ವರ್ಷ ಘಾಟಿಗೆ ಬಿದಿರು ಕಟ್ಟಿದ್ದರು. ಪಕ್ಕದಲ್ಲಿ ಅಗಲವಾದ ತಗ್ಗು ತೋಡಿ, ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಹಾಸಿ ನೀರು ತುಂಬಿದ್ದರು. ಸುಗಲಾಬಾಯಿಯ ಗಣಪತಿಯೂ ಅದರಲ್ಲೇ ಹೋಯಿತು. ಆಮೇಲೆ ಆಕೆ ಎಂದಿನಂತೆ ಮಣೆ ಹಿಡಿದು ದುರ್ಗಪ್ಪನ ಮುಂದೆ ನಿಂತಳು. ಅವನು ಬಗ್ಗಿ ನೀರಲ್ಲಿ ಕೈ ಇಳಿಬಿಟ್ಟ. ಬೆರಳಿಗೆ ನುಣ್ಣಗೆ ತಾಡಪತ್ರಿ ತಾಗಿತು.

"ಏನಿಲ್ರೀ ಬಾಯಾರ. ತಾಡಪತ್ರಿ ಐತಿ."

"ಮತ್ತ ನನ್ನ ಮಣಿ?"

ಹಿಂದಿನಿಂದ ಮಂದಿ ನೂಕುತ್ತಿದ್ದರು, ಸೀಟಿ ಊದುತ್ತಿದ್ದರು, ಮೈಕಿನ ಕರ್ಣೆಯಲ್ಲಿ ಯಾರೋ "ಮುಂದ ಸರೀರಿ" ಎಂದು ಒದರುತ್ತಿದ್ದರು. ಬರಿಗೈಯ ನಾಚಿಕೆಗೆ ದುರ್ಗಪ್ಪನ ಬಾಯಿ ಜಾರಿತು:

"ಹಾದ್ಯಾಗಿನ ಮಣ್ಣ ಒಂದ್ ಚಿವುಟ ಇಟ್ಕೊಂಡ ಹೋಗ್ರಿ ಅತ್ಲಾಗ. ಮಣ್ಣೆಲ್ಲಾ ಒಂದs."

ಸುಗಲಾಬಾಯಿ ಮಣೆಯ ಮೇಲೆ ಸೆರಗು ಹೊದಿಸಿ, ಬರಿದಾದದ್ದು ಯಾರಿಗೂ ಕಾಣದಂತೆ ಎದೆಗವಚಿಕೊಂಡು ನಡೆದುಬಿಟ್ಟಳು. ಐವತ್ತು ವರ್ಷದ ಮಣ್ಣನ್ನೆಲ್ಲ ತಾನೇ ಹಾದಿ ಮಣ್ಣು ಮಾಡಿದೆನಲ್ಲ ಎಂಬುದು ಆಕೆ ತಿರುವಿನಲ್ಲಿ ಮರೆಯಾಗುವ ಮುಂಚೆಯೇ ದುರ್ಗಪ್ಪನಿಗೆ ಗೊತ್ತಾಗಿತ್ತು.

ಆ ವರ್ಷದ ಹಬ್ಬಗಳು ಒಂದೊಂದಾಗಿ ಬಂದವು, ಒಂದೊಂದೂ ಅವನಿಗೆ ಅದನ್ನೇ ನೆನಪಿಸಿ ಹೋದವು. ದಸರೆಗೆ ಸುಗಲಾಬಾಯಿ ಚಾಳಿನ ಉದ್ದಕ್ಕೂ ಮನೆಮನೆಗೆ ಬನ್ನಿ ಎಲೆ ಕೊಡುತ್ತ ಬಂದಳು. ಪ್ರತಿ ವರ್ಷ "ಬಂಗಾರ ತಗೋ ಯಣ್ಣಾ, ಬಂಗಾರದಂಗ ಇರೂಣು" ಎನ್ನುತ್ತಿದ್ದವಳು ಅವನ ಬಾಗಿಲಿಗೆ ಬಂದಾಗ, ಮುಷ್ಟಿಯಲ್ಲಿ ಎಲೆ ಕಾಣುತ್ತಿದ್ದರೂ, ಮಲಕಮ್ಮನಿಗೆ ಕೊಟ್ಟು "ಎಲಿ ತೀರಿದುವು ನೋಡವಾ" ಎಂದು ಮುಂದಿನ ಮನೆಗೆ ಹೋದಳು. ದೀಪಾವಳಿಗೆ ಅವಳ ಮನೆಯಿಂದ ಫರಾಳದ ತಿಂಡಿಗಳ ತಾಟು ಬಂತು. ಅದರಲ್ಲಿ ಅವನಿಗೆ ಸೇರುವ ಖಾರದ ಶಂಕರಪಾಳಿ ಒಂದೂ ಇರಲಿಲ್ಲ. ಸಂಕ್ರಾಂತಿಗೆ ಅಕ್ಷತೆಯ ದಿನ ಕೆರೆ ದಂಡೆಯಲ್ಲಿ ಎಲ್ಲರೂ ಸಿಕ್ಕರು. ಸುಗಲಾಬಾಯಿ ಮಲಕಮ್ಮನ ಕೈಗೆ ಎಳ್ಳು-ಬೆಲ್ಲ ಇಟ್ಟಳು. ದುರ್ಗಪ್ಪ ನಾಚಿಕೆ ಬಿಟ್ಟು ತಾನೂ ಕೈ ಚಾಚಿದ. ಆಕೆ ಅವನ ಮುಖ ನೋಡದೆ ಮಲಕಮ್ಮನಿಗೇ ಹೇಳಿದಳು:

"ಜಾತ್ರಿ ಮಂದಿ ಹಾದಿತುಂಬ ಚೆಲ್ಲ್ಯಾರಲ್ಲ, ಆರಿಸ್ಕೋ ಅನ್ನು ನಿನ್ನ ಗಂಡಗ. ಎಳ್ಳೆಲ್ಲಾ ಒಂದs."

ಮಲಕಮ್ಮ ಮನೆ ಮುಟ್ಟುವವರೆಗೂ ನಕ್ಕಳು. ಮನೆಯಲ್ಲಿ ಕೂತ ಮೇಲೆ ನಗು ನಿಲ್ಲಿಸಿ, "ನಗೂ ಮಾತಲ್ರೀ ಇದು" ಎಂದಳು. "ಬರೂ ಗಣಪತಿಗೂ ಮಣಿ ಖಾಲಿ ಬಂದ್ರ ಇನ್ನ ಮ್ಯಾಲ ದೇವರ ಕೂಡ್ಸೂದಿಲ್ಲಂತ. ಮಣಿ ಹುಲಜಂತ್ಯಾಗ ಮೈದುನನ ಮನೀಗಿ ಕೊಟ್ಟ ಬಿಡ್ತಾಳಂತ. ಹೆಂಗಸ್ರ ಮುಂದ ಹೇಳ್ಯಾಳ."

ದುರ್ಗಪ್ಪ ವೈಶಾಖ ಬರಲೆಂದು ಕಾದ.

ವೈಶಾಖದಲ್ಲಿ ನೀರು ಹಿಂದೆ ಸರಿಯಿತು. ಒಂದು ಬೆಳಿಗ್ಗೆ ಹೋಗಿ, ತಾನು ಮೊದಲ ಮುಷ್ಟಿ ತೆಗೆದ ಜಾಗವನ್ನು ಘಾಟಿನ ಕಲ್ಲಿನಿಂದ ಹೆಜ್ಜೆ ಹಾಕಿ ಗುರುತಿಸಿದ. ಮೇಲಿನ ಹೆಂಟೆ ಬಿಡಿಸಿ, ಒಳಗಿನ ಮೆತ್ತಗಿನ ಕರಿ ಮಣ್ಣು ಒಂದು ಚೀಲ ತುಂಬಿಕೊಂಡು ಬಂದು, ಮಾಳಿಗೆಯ ಮೇಲೆ ಒಣಗಿಸಿ, ಕದದ ಹಿಂದೆ ಇಟ್ಟ. ಚತುರ್ದಶಿಯ ದಿನ ಕುಂಡದ ಬದಿಗೆ ಕೂತು ಒಂದೊಂದು ಮಣೆಗೂ ಒಂದೊಂದು ಮುಷ್ಟಿ ಹಾಕುವುದು ಅವನ ಹಂಚಿಕೆ. ಯಾರಿಗೂ ಹೇಳಲಿಲ್ಲ, ಮಲಕಮ್ಮನಿಗೂ. ಸುಗಲಾಬಾಯಿಗಾಗಿ ಬಿಸಿಲಲ್ಲಿ ಮಣ್ಣು ಹೊತ್ತೆ ಎಂದರೆ ಹೆಂಡತಿ ಮತ್ತೊಂದು ವರ್ಷ ನಗುತ್ತಿದ್ದಳು.

ಎಡವಿದ್ದು ಅಲ್ಲೇ.

ಚತುರ್ದಶಿಯ ಬೆಳಿಗ್ಗೆ ಚೀಲದ ಬಾಯಿ ಬಿಚ್ಚಿದರೆ ಒಳಗೆ ಮಣ್ಣಿಲ್ಲ. ಕೌದಿ ಹೊಲಿಯಲು ಕೂಡಿಟ್ಟ ಹಳೆ ಸೀರೆಯ ಚಿಂದಿ!

"ಮಲಕವ್ವಾ! ಈ ಚೀಲದಾಗಿನ ಮಣ್ಣ ಎಲ್ಲಿ?"

"ಅದಾ? ನೀವು ವಾಗದರಿಗಿ ಹೋದಾಗ ಉಜ್ವಲಾಗ ಕೊಟ್ಟೆ. ಚೀಲ ಛಲೋ ಇತ್ತಂತ ಚಿಂದಿ ತುಂಬೀನಿ."

ಉಜ್ವಲಾ ಚಾಳಿನ ಹಿಂದಿನ ಸಾಲಿನವಳು, ಮರಾಠಿ ಶಾಲೆಯ ಮಾಸ್ತರಬಾಯಿ. ಹಬ್ಬಕ್ಕೆ ಎಂಟು ದಿನ ಮುಂಚೆ ಮಕ್ಕಳಿಗೆ ಮಣ್ಣಿನ ಗಣಪತಿ ಮಾಡಲು ಕಲಿಸುತ್ತಿದ್ದಳು. ತಂದ ಮಣ್ಣು ಕೆಲಸಕ್ಕೆ ಬರಲಿಲ್ಲ, ಕಾಕು ಎಂದು ತಾನು ಕರೆಯುವ ಮಲಕಮ್ಮನ ಬಳಿ ಬಂದು ಕೇಳಿದಳು.

"ನಾ ಚ್ಯಾಷ್ಟಿ ಮಾಡಿದ್ನಿರೀ, ನಿಮ್ಮನ್ಯಾಗ ಬುದ್ಧವಂದನಾ, ಸಾಲ್ಯಾಗ ಗಣಪತಿ ಅಂತ" ಎಂದು ಮಲಕಮ್ಮ ಹೇಳತೊಡಗಿದಳು. "'ಕಾಕು, ಮಣ್ಣಿನ ಕೆಲಸ ಕಲಸೂದು ನಂದು, ಪೂಜಿ ಅವರವರ ಮನೀದು' ಅಂದ್ಲು ಹುಡುಗಿ. ಕರಿ ಮಣ್ಣ ಸೀಳ ಬಿಡ್ತೈತಂತ ನಾನs ಹೋಗಿ ಹಳೀ ಗಾದ್ಯಾಗಿನ ಅರಳಿ ಹಾಕಿ ನಾದಿ ಕೊಟ್ಟ ಬಂದೀನಿ. ನಲವತ್ತೆರಡ ಗಣಪತಿ ಆದುವು! ಯಾಕ್ರೀ, ಹಂಗ್ಯಾಕ ಕುಂತ್ರಿ?"

ದುರ್ಗಪ್ಪ ಚೀಲ ಹಿಡಿದುಕೊಂಡೇ ಎಲ್ಲ ಹೇಳಿದ. ಮಲಕಮ್ಮ ಹಣೆಗೆ ಕೈ ಹಚ್ಚಿದಳು. "ಅಲ್ರೀ, ಐವತ್ತ ವರ್ಷದಾಗ ನನ್ನ ಮುಂದ ಬಾಯಿ ಮುಚ್ಚಿದ್ದು ಇದೊಂದs ಸಲ. ಇದನ್ನs ಆರಿಸ್ಕೋಬೇಕಿತ್ತಾ?"

ಅವನು ಘಾಟಿಗೆ ಓಡಿದ. ಕೆರೆ ಸೊಂಟಮಟ್ಟ ತುಂಬಿ ನಿಂತಿತ್ತು, ಹತ್ತು ಹೆಜ್ಜೆ ದೂರ. ನಡುವೆ ಬಿದಿರು. ಕುಂಡದ ಬಳಿ ಕಿತ್ತಳೆ ಜಾಕೀಟು ತೊಟ್ಟು ನಿಂತಿದ್ದವನು ಉಜ್ವಲಾಳ ತಮ್ಮ ಸುಮೇಧ. ಮಹಾನಗರಪಾಲಿಕೆಯ ಕೆಲಸಗಾರ, ಆ ದಿನದ ಕುಂಡ ಅವನ ಪಾಲಿಗೆ ಬಂದಿತ್ತು.

"ಸುಮೇಧಾ, ಒಂದs ಸಲ ಮುಳಗಿ ಬರ್ತೀನಿ. ಒಂದ್ ಮುಷ್ಟಿ."

"ಕಾಕಾ, ನಿಮಗೊಬ್ಬರಿಗೆ ಬಿಟ್ರ ಹಿಂದ ಸಾವಿರ ಮಂದಿ ಜಿಗೀತಾರ. ನನ್ನ ನೌಕ್ರಿ ಹೋಗ್ಲಿ, ಯಾರರ ಮುಳಗಿದ್ರ?"

ಅವನ ಮಾತು ಸರಿಯಾಗಿತ್ತು. ಸರಿಯಾದ ಮಾತಿನ ಮುಂದೆ ಜಗಳವಾಡುವುದು ದುರ್ಗಪ್ಪನಿಗೆ ಬರುತ್ತಿರಲಿಲ್ಲ. ಕುಂಡದ ಬದಿಯ ಕಲ್ಲಿನ ಮೇಲೆ ಕುಳಿತ. ಬೇಡ, ಮನೆಗೆ ಹೋಗೋಣ ಎಂದುಕೊಂಡ, ಏಳಲಾಗಲಿಲ್ಲ. ಖಾಲಿ ಮಣೆ ನೋಡಲೇಬೇಕಾದರೆ ಎದುರಿಗೇ ನೋಡಬೇಕು.

ಮಧ್ಯಾಹ್ನ ಇಳಿಯುವಾಗ ಉಜ್ವಲಾಳ ಶಾಲೆಯ ಮಕ್ಕಳು ಸಾಲಾಗಿ ಬಂದರು, ಅಂಗೈಯಗಲದ ಕರಿ ಗಣಪತಿಗಳು ಕೈಯಲ್ಲಿ. ಒಂದಕ್ಕೆ ಸೊಂಡಿಲು ಗಿಡ್ಡ, ಒಂದಕ್ಕೆ ಹೊಟ್ಟೆ ವಾಲಿ ಮಗ್ಗುಲಿಗೆ ಬಂದಿತ್ತು. ಈ ವರ್ಷದ ಎರಡು ಕುಂಡಗಳಲ್ಲಿ ಅದು ಮಣ್ಣಿನ ಗಣಪತಿಗಳಿಗಷ್ಟೇ ಎಂದು ಬೋರ್ಡು ಹಚ್ಚಿದ್ದರು, ಬೆಳಗಿನಿಂದ ಒಬ್ಬರೂ ಅದರ ಕಡೆ ಸುಳಿದಿರಲಿಲ್ಲ. ಸುಮೇಧ ಒಂದೊಂದನ್ನೂ ಇಸಕೊಂಡು ನೀರಿಗೆ ಬಿಟ್ಟ. ಒಂದು ಹುಡುಗಿ ಬಗ್ಗಿ ನೋಡಿ ದುರ್ಗಪ್ಪನನ್ನು ಮರಾಠಿಯಲ್ಲಿ ಕೇಳಿತು, ನನ್ನ ಬಪ್ಪಾ ಎಲ್ಲಿ ಹೋದ ಎಂದು.

"ಕೆಳಗ ಕುಂತಾನವಾ" ಎಂದು ಅವನೂ ಸುಮ್ಮನೆ ಬಗ್ಗಿ ನೋಡಿದ.

ನೋಡುತ್ತಿದ್ದಂತೆ ನೀರಿನ ಮೇಲೆ ಬಿಳಿಯ ಎಳೆಯೊಂದು ತೇಲಿ ಬಂತು. ಮತ್ತೊಂದು. ಆಮೇಲೆ ಹಿಂಡುಹಿಂಡಾಗಿ. ಗಿರಣಿಯಲ್ಲಿ ವರ್ಷಗಟ್ಟಲೆ ತಲೆಯಿಂದ ಕೊಡವಿದ ಅರಳೆಯನ್ನು ಅವನು ಗುರುತಿಸದೆ ಇರುತ್ತಾನೆಯೇ! ಮಲಕಮ್ಮ ನಾದಿದ ಹಳೆ ಗಾದಿಯ ಅರಳೆ. ಅರಳೆ ಮೇಲೆ ಬಂದಿದೆ ಎಂದರೆ ಮಣ್ಣು ಕೆಳಗೆ ಬಿಟ್ಟುಕೊಂಡಿದೆ. ಅಂಗಿಯ ತೋಳು ಏರಿಸಿ ಕೈ ಇಳಿಬಿಟ್ಟ. ತಾಡಪತ್ರಿ ತಾಗಲಿಲ್ಲ. ಬೆರಳುಗಳು ಮೆತ್ತಗೆ ಹುಗಿದವು. ಎತ್ತಿ ಮೂಸಿದ. ಕೆರೆಯ ಅದೇ ವಾಸನೆ.

"ಸುಮೇಧಾ!" ಎಂದು ಕೂಗಿದ ಅಬ್ಬರಕ್ಕೆ ಬಂದೋಬಸ್ತಿನ ಪೋಲೀಸರೂ ತಿರುಗಿದರು. "ಕೆರಿ ಬ್ಯಾಡ. ಈ ಕುಂಡದಾಗರ ಇಳೀಲಿ?"

"ಕುಂಡದಾಗ ಸ್ಟಾಫ್ ಅಷ್ಟs ಇಳೀಬೇಕು ಕಾಕಾ."

"ಹಂಗಾರ ನನ್ನ ಸ್ಟಾಫ್ ಮಾಡು."

ಸುಮೇಧ ಒಮ್ಮೆ ಅವನ ಕೆಸರುಗೈ ನೋಡಿದ, ಆಮೇಲೆ ದೂರದಲ್ಲಿ ನಿಂತ ಸಾಹೇಬರ ಕಡೆ ನಡೆದು ಏನೋ ಹೇಳಿದ. ತಿರುಗಿ ಬರುವಾಗ ಕೈಯಲ್ಲಿ ಇನ್ನೊಂದು ಕಿತ್ತಳೆ ಜಾಕೀಟು. "ಮೊಣಕಾಲ ಮಟ್ಟಕ್ಕಿಂತ ಮುಂದ ಹೋಗಬ್ಯಾಡ್ರಿ. ಕಾಕು ನನ್ನ ಬಿಡೂದಿಲ್ಲ" ಎಂದ. ಧೋತರದ ಮೇಲೆ ಜಾಕೀಟು ತೊಟ್ಟು ಮಣ್ಣಿನ ದುರ್ಗಪ್ಪ ಕುಂಡಕ್ಕಿಳಿದ.

ಸಂಜೆಯಾಯಿತು. ಸುಗಲಾಬಾಯಿ ಬಂದಳು, ಮಣೆಯ ಮೇಲೆ ಚಿಕ್ಕ ಮಣ್ಣಿನ ಗಣಪತಿ. ಸೊಸೆ ಛಾಯಾ ಜೊತೆಗಿದ್ದಳು. ಅವನನ್ನು ಕಂಡೂ ಕಾಣದವಳಂತೆ ಗಣಪತಿಯನ್ನು ಸುಮೇಧನ ಕಡೆ ಚಾಚಿದಳು. ಸುಮೇಧ ಎರಡೂ ಕೈ ಹಿಂದೆ ಕಟ್ಟಿಕೊಂಡು, "ಈ ಕುಂಡಕ್ಕ ಕಾಕಾ ಇದ್ದಾರ್ರೀ" ಎಂದ.

ದುರ್ಗಪ್ಪ ಇಸಕೊಂಡ. ಒಂದು, ಎರಡು, ಮೂರು. ನಾಲ್ಕನೆಯ ಸಲಕ್ಕೆ ಕೈ ಬಿಟ್ಟ. ಮಣೆ ತೊಳೆದ. ಆಮೇಲೆ ಬಗ್ಗಿ, ಮೊಳಕೈ ಮುಳುಗುವವರೆಗೆ ಕೈ ಹಾಕಿ, ಒಂದು ಮುಷ್ಟಿ ತೆಗೆದು ಮಣೆಯ ನಡುವೆ ಇಟ್ಟ. ಕರಿ ಮಣ್ಣು, ಅದಕ್ಕೆ ಅಂಟಿದ ಎರಡೆಳೆ ಬಿಳಿ ಅರಳೆ.

ಸುಗಲಾಬಾಯಿ ಮಣ್ಣನ್ನು ಬೆರಳಿನಿಂದ ಒತ್ತಿದಳು. ಮೂಗಿಗೆ ಹಿಡಿದಳು. ಒಂದು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿದಳು.

"ಕೆರಿಗಿ ಇಳಿದ್ರೇನು? ಈ ವಯಸ್ಸಿನಾಗ?"

"ಇಲ್ರೀ. ವೈಶಾಖದಾಗ ತಂದಿದ್ದೆ. ಮಲಕಿ ಕೇಳಲಾರದs ಸಾಲಿಗಿ ಕೊಟ್ಲು. ಹುಡುಗ್ರು ನಲವತ್ತೆರಡ ಗಣಪತಿ ಮಾಡಿದ್ರು. ಅವೆಲ್ಲಾ ಮಧ್ಯಾಹ್ನ ಇಲ್ಲೇ ಕರಗ್ಯಾವ." ಮಣೆಯ ಮೇಲಿನ ಮಣ್ಣು ತೋರಿಸಿದ. "ಅವತ್ತ ನಾ ಆಡಿದ ಮಾತು... ಮಣ್ಣೆಲ್ಲಾ ಒಂದs ಅಲ್ರೀ ಬಾಯಾರ."

ಆಕೆ ಮಣೆಯನ್ನೇ ನೋಡುತ್ತ ನಿಂತಳು. ಹಿಂದಿನವರು ನೂಕಿದರು, ಅಲುಗಲಿಲ್ಲ.

"ಹಂಗಾರ ಹತ್ತ ದಿವಸ ನಲವತ್ತೆರಡ ಮನ್ಯಾಗ ಆರತಿ ಮಾಡಿಸ್ಕೊಂಡ ಬಂದೈತೆನ್ನು" ಎಂದಳು ಕೊನೆಗೆ. ಸೊಸೆಯ ಕೈಯ ಬಟ್ಟಲಿನಿಂದ ಖಿರಾಪತ್ ತೆಗೆದಳು. ಚಿವುಟಲ್ಲ, ಒಂದು ಹಿಡಿ. "ಬಾಯಿ ತಗಿ ಯಣ್ಣಾ. ಕೈ ಕೆಸರ ಐತಿ ನಿಂದು."

ದುರ್ಗಪ್ಪ ಬಾಯಿ ತುಂಬಿದ ಕೊಬ್ಬರಿ ಅಗಿಯುತ್ತ ನಿಂತ. ಅಷ್ಟರಲ್ಲಿ ಅವಳ ಹಿಂದಿನಿಂದ ಒಂದು ಮಣೆ ಮುಂದೆ ಬಂತು. ಅದರ ಹಿಂದೆ ಇನ್ನೊಂದು. "ಕಾಕಾ, ನಮಗೂ." "ಅಜ್ಜಾ, ಹೋದ ವರ್ಷ ಖಾಲಿ ಒಯ್ದೀವಿ, ಎರಡ ಮುಷ್ಟಿ ಹಾಕು."

ಸುಗಲಾಬಾಯಿ ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. ಈ ಸಲ ಸೆರಗು ಹೆಗಲ ಮೇಲೇ ಇತ್ತು, ಮಣ್ಣು ಹೊತ್ತ ಮಣೆ ಎಲ್ಲರಿಗೂ ಕಾಣುವಂತೆ ಅಂಗೈ ಮೇಲೆ.

"ದಸರಿಗಿ ಎಲಿ ಇಟ್ಟಿರ್ತೀನಿ, ಮನ್ಯಾಗ ಇರು" ಎಂದಳು.

ಹೊತ್ತು ಮುಳುಗಿ ಮನೆಗೆ ಬಂದಾಗ ಮಲಕಮ್ಮ ಬಿಸಿನೀರು ಕಾಸಿಟ್ಟಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದು ಮುಟ್ಟಿತ್ತು. ಅವನ ಉಗುರಿನ ಸಂದಿಯ ಕರಿ ಮಣ್ಣು ನೋಡುತ್ತ ಆಕೆ ಹೇಳಿದಳು:

"ಮಣ್ಣ ಕೊಟ್ಟಾಕಿ ನಾ, ಅರಳಿ ಹಾಕಿ ನಾದಿದಾಕಿ ನಾ. ಖಿರಾಪತ್ ಅಷ್ಟ ನಿಮ್ಮ ಬಾಯಿಗಿ. ಬರೂ ವೈಶಾಖಕ್ಕ ಎರಡ ಚೀಲ ತರ್ರಿ."

"ಎರಡ್ಯಾಕ?"

"ಒಂದ ನಾ ಉಜ್ವಲಾನ ಸಾಲಿಗಿ ಕೊಡಾಕಿ" ಎಂದಳು ಮಲಕಮ್ಮ, "ಈ ಸಲ ನಿಮಗ ಹೇಳಿ."